ಕಾಲರ್ ಯಾವ ಊರಿನದು

ನಮ್ಮಕ್ಕ ಶೋಭನಾ ತಿರುಪ್ಪೂರಿನಲ್ಲೊಂದು ಬನಿಯನ್ ಕಂಪನಿಯ ಮಾಲೀಕಳು. ಹಾಗೆಂದು ಬೋರ್ಡು ಹೇಳುತ್ತದೆ. ಶುರುಮಾಡುವಾಗಲೇ ಭಾವ ಧನಪಾಲ್ ಎಲ್ಲವನ್ನೂ ಅವಳ ಹೆಸರಿಗೆ ಮಾಡಿಸಿದ್ದರು. ತಮಿಳುನಾಡಿನ ನಮ್ಮ ಕನ್ನಡ ನೇಕಾರರ ಮನೆಗಳಲ್ಲಿ ಇದು ಹೊಸದೇನಲ್ಲ. ಕಂಪನಿ ಹೆಂಡತಿಯದು, ವ್ಯಾಪಾರ ಗಂಡನದು. ನೂಲು ಕೊಳ್ಳುವುದು, ಆಳು ಇಡುವುದು, ಏಜೆಂಟರ ಜೊತೆ ಜಗಳ, ಎಲ್ಲ ಭಾವನ ಪಾಲು. ಅಕ್ಕನ ಪಾಲಿಗೆ ಸಹಿ. ನಾನು ಕೊಯಮತ್ತೂರಿನ ಪೀಳಮೇಡಿನಿಂದ ಹೋದಾಗಲೆಲ್ಲ ಅವಳನ್ನು ತಮಿಳಿನವರ ಹಾಗೆ ಮೊದಲಾಳಿ, ಯಜಮಾನಿ ಎಂದು ಕರೆದು ಕಾಲೆಳೆಯುತ್ತಿದ್ದೆ. ಅವಳಿಗೂ ಅದು ಒಳಗೊಳಗೇ ಇಷ್ಟ.

ಅವರ ಟೀಶರ್ಟು ಹೋಗುವುದು ಜಪಾನಿಗೆ. ಬಟ್ಟೆಯನ್ನು ನಮ್ಮ ದೇಶದಲ್ಲೇ ಹೆಣೆದು, ಇಲ್ಲೇ ಹೊಲಿದಿದ್ದರೆ ಅಲ್ಲಿ ಆಮದು ಸುಂಕ ಇಲ್ಲ. ಅದಕ್ಕೆ ಮೂಲದ ಪ್ರಮಾಣಪತ್ರ ಬೇಕು. ಮಾಲೀಕರು ಇದೆಲ್ಲ ಇಲ್ಲಿಯದೇ ಎಂದು ಬರೆದು ಸಹಿ ಹಾಕಿದರೆ, ಸರ್ಕಾರದ ರಫ್ತು ಕಚೇರಿಯವರು ಅದನ್ನು ನಂಬಿ ಪತ್ರ ಕೊಡುತ್ತಾರೆ. ಆ ವಿನಾಯಿತಿ ಇರುವುದರಿಂದಲೇ ಜಪಾನಿನವರು ಇವರ ಹತ್ತಿರ ಬಂದದ್ದು. ಭಾವ ತೋರಿಸಿದ ಕಡೆಯಲ್ಲೆಲ್ಲ ಅಕ್ಕ ಸಹಿ ಹಾಕುತ್ತ ಬಂದಳು.

ಹೀಗಿರುವಾಗ ಒಂದು ದಿನ ಕಚೇರಿಯಿಂದ ಫೋನು ಬಂತು. ಕಾಲರ್ ಇರುವ ಟೀಶರ್ಟಿನ ಒಂದು ಲೋಡಿನ ಬಗ್ಗೆ ಜಪಾನಿನ ಕಸ್ಟಮ್ಸ್‌ನವರಿಗೆ ಅನುಮಾನ, ಸೋಮವಾರ ಪರಿಶೀಲನೆಗೆ ಬರುತ್ತೇವೆ, ಎಲ್ಲದರ ಬಿಲ್ಲೂ ತೆಗೆದಿಡಿ ಎಂದರು. ಅಕ್ಕನಿಗೆ ಅಂದಿನಿಂದ ಊಟ ಸೇರಲಿಲ್ಲ. ಅವಳ ದನಿ ಕೇಳಿಯೇ ನಾನು ಶನಿವಾರ ಬಸ್ಸು ಹತ್ತಿದೆ.

ನೂಲಿನ ಬಿಲ್ಲಿತ್ತು, ಹೆಣೆಸಿದ್ದಕ್ಕಿತ್ತು, ಬಣ್ಣ ಹಾಕಿಸಿದ್ದಕ್ಕಿತ್ತು. ಇಲ್ಲದ್ದು ಕಾಲರಿಗೆ ಮಾತ್ರ. ಹಡಗಿನ ದಿನ ಹತ್ತಿರ ಬಂದಾಗ ಬಣ್ಣ ಹಾಕುವ ಕಡೆ ಇವರ ಕಾಲರೆಲ್ಲ ಕೆಟ್ಟು, ಭಾವ ಕಾಲರ್ ಹೆಣೆಯುವ ಮಿಷಿನ್ ಇಟ್ಟಿದ್ದ ತಮ್ಮ ಚಿಕ್ಕಪ್ಪನ ಮಗ ಈಶ್ವರನ್ ಹತ್ತಿರ ಕೈಮಾತಿಗೆ ತಂದಿದ್ದರು. ಕೈಮಾತು ಅಂದರೆ ಕೈಗಡ. ಮಗ್ಗ ಇದ್ದ ಕಾಲದಿಂದಲೂ ನಮ್ಮವರಲ್ಲಿ ಒಂದು ಮನೆಯಲ್ಲಿ ನೂಲು ಕಡಿಮೆಯಾದರೆ ಪಕ್ಕದ ಮನೆಯಿಂದ ತೂಕ ಹಾಕಿ ತರುವುದು, ಕೈಗೆ ಬಂದಾಗ ಅಷ್ಟೇ ತೂಕ ಹಿಂದಿರುಗಿಸುವುದು. ಬಿಲ್ಲಿಲ್ಲ, ಬಡ್ಡಿಯಿಲ್ಲ. ಇದು ಎಲ್ಲಿಯದು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಕೊಟ್ಟವನ ಮುಖಕ್ಕೆ ಹೊಡೆದ ಹಾಗೆ.

ಭಾವ ಆರಾಮಾಗಿಯೇ ಇದ್ದರು. ಈಶ್ವರನ್ ಹಳೆಯ ತಾರೀಖಿಗೆ ಒಂದು ಬಿಲ್ ಬರೆದುಕೊಡುತ್ತಾನೆ, ಅಷ್ಟಕ್ಕೆ ಯಾಕೆ ಒದ್ದಾಟ ಎಂದು ಟೀ ಹೀರಿದರು. ನನಗೆ ಮೈ ಉರಿಯಿತು. ಅಕ್ಕನ ಹೆದರಿಕೆ ಬಿಲ್ಲಿನದಲ್ಲ. ಕಾಲರ್ ಇಲ್ಲಿಯದು ಹೌದೋ ಅಲ್ಲವೋ ಎಂಬುದು. ಹೊರದೇಶದಿಂದ ರೆಡಿ ಕಾಲರ್ ಪೆಟ್ಟಿಗೆಗಟ್ಟಲೆ ಬರುತ್ತದೆಂದು ಅವಳು ಕೇಳಿದ್ದಳು. ಅದಾಗಿದ್ದರೆ ಅವಳು ಬರೆದುಕೊಟ್ಟದ್ದು ಸುಳ್ಳು, ಸುಳ್ಳಿನ ಕೆಳಗೆ ಅವಳ ಹೆಸರು. ಕೇಳದೆ ಇರಲಾರೆ ಎಂದು ನನ್ನನ್ನು ಕರೆದುಕೊಂಡು ಈಶ್ವರನ್ ಮನೆಗೆ ಹೊರಟಳು.

ಈಶ್ವರನ್ ಬನ್ನೀಂಗ ಎಂದು ಮರ್ಯಾದೆಯಿಂದ ನಮ್ಮನ್ನು ಕೂರಿಸಿ, ಬರೆದಿಟ್ಟಿದ್ದ ಬಿಲ್ಲನ್ನು ಮುಂದಿಟ್ಟ. ಅವನ ತಾಯಿ ಅಂಗಮ್ಮ ಕಾಪಿ ತಂದರು. ಅಕ್ಕ ಬಿಲ್ ಮುಟ್ಟಲಿಲ್ಲ.

"ಈಶ್ವರಾ, ಕೇಳ್ತೀನಿ ಅಂತ ತಪ್ಪು ತಿಳ್ಕೋಬೇಡ. ಆ ಕಾಲರ್ ನಿನ್ನ ಮಿಷಿನ್ನಲ್ಲಿ ಓಡಿಸಿದ್ದಾ?"

ಅಂಗಮ್ಮನ ಕೈಯಲ್ಲಿದ್ದ ತಟ್ಟೆ ನಿಂತಲ್ಲೇ ನಿಂತಿತು. ನಮ್ಮ ಮನೆತನಗಳಲ್ಲಿ ಇದನ್ನು ಯಾರೂ ಕೇಳಿದ್ದಿಲ್ಲ. ಈಶ್ವರನ್ ನನ್ನನ್ನು ನೋಡಿ, ಅಕ್ಕನನ್ನು ನೋಡಿ, ತಲೆ ತಗ್ಗಿಸಿದ.

"ಇಲ್ಲೀಂಗ ಅತ್ತಿಗೆ. ಅದು ಚೀನಾ ಮಾಲು. ಹೇಳಿಯೇ ಕೊಟ್ಟೆ. ಅಣ್ಣನಿಗೆ ಗೊತ್ತೀಂಗ."

ಅಕ್ಕ ಕಾಪಿಯನ್ನು ಪೂರ್ತಿ ಕುಡಿದು, ಹೋಗಿಬರುತ್ತೇನೆ ಎಂದು ಅಂಗಮ್ಮನಿಗೆ ಹೇಳಿ ಎದ್ದಳು. ಬಿಲ್ಲನ್ನು ಈಶ್ವರನ್ ನನ್ನ ಕೈಗೆ ತುರುಕಿದ, ನಾನು ಅದನ್ನು ಅಲ್ಲೇ ಬಿಟ್ಟು ಬಂದೆ.

ಸೋಮವಾರ ಬಂದ ಅಧಿಕಾರಿಯ ಹೆಸರು ಜಯರಾಮನ್. ಮೆದು ಮಾತಿನವರು. ಅಷ್ಟರಲ್ಲಿ ಭಾವ ಹೋಗಿ ಆ ಬಿಲ್ಲನ್ನು ತಂದು ಬಿಲ್ಲುಗಳ ಕಟ್ಟಿನ ಮೇಲೆಯೇ ಇಟ್ಟಿದ್ದರು. ಅಕ್ಕ ಅದನ್ನು ತೆಗೆದು ಬದಿಗಿಟ್ಟು, ಈ ಲೋಡಿನ ಕಾಲರ್ ಇಲ್ಲಿ ಹೆಣೆದದ್ದಲ್ಲ, ಸಹಿ ಹಾಕುವಾಗ ನನಗೆ ತಿಳಿದಿರಲಿಲ್ಲ, ಕೇಳದಿದ್ದದ್ದು ನನ್ನ ತಪ್ಪು ಎಂದು ತಮಿಳಿನಲ್ಲಿ ಒಂದೇ ಉಸಿರಿಗೆ ಹೇಳಿಬಿಟ್ಟಳು. ಜಯರಾಮನ್ ಭಾವನ ಕಡೆ ತಿರುಗಿ, ಓನರ್ ಯಾರು ಎಂದು ಕೇಳಿದರು. ಭಾವ ಬಾಯಿ ತೆರೆಯುವ ಮೊದಲೇ ಅಕ್ಕ, ನಾನೇ ಎಂದಳು.

ಆ ಲೋಡಿನ ಪ್ರಮಾಣಪತ್ರ ರದ್ದಾಯಿತು. ಜಪಾನಿನವರು ಸುಂಕ ಕಟ್ಟಿದರು. ಮುಂದಿನ ಆರ್ಡರಿನ ಬಗ್ಗೆ ಅವರದಿನ್ನೂ ಸುದ್ದಿಯಿಲ್ಲ. ಕಚೇರಿ ಇನ್ನು ಪತ್ರ ಕೊಡುತ್ತದೋ ಇಲ್ಲವೋ ಅದೂ ಗೊತ್ತಿಲ್ಲ. ಫೋನು ರಿಂಗಾದರೆ ಅಕ್ಕ ಈಗಲೂ ಬೆಚ್ಚುತ್ತಾಳೆ, ಹೊಲಿಗೆಯ ಹೆಂಗಸರು ಅವಳ ಮುಖ ನೋಡುತ್ತಾರೆ.

ಆ ಸೋಮವಾರ ಜಯರಾಮನ್ ಹೋಗಿ ನಾನೂ ಬಸ್ಸು ಹತ್ತಿದ ಮೇಲೆ ಅವಳು ಭಾವನನ್ನು ಒಂದೇ ಮಾತು ಕೇಳಿದಳಂತೆ: ಗೊತ್ತಿದ್ದೂ ನನ್ನ ಕೈಲಿ ಯಾಕೆ ಸಹಿ ಹಾಕಿಸಿದಿರಿ? ಭಾವನಿಗೆ ಕೋಪವೂ ಬರಲಿಲ್ಲವಂತೆ, ನಾಚಿಕೆಯೂ ಆಗಲಿಲ್ಲವಂತೆ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತಂತೆ.

"ನೀ ಕೇಳಲೇ ಇಲ್ಲವಲ್ಲ, ಶೋಭನಾ," ಅಂದರಂತೆ.