ದೊಡ್ಡವ್ವನ ಬಾರಿಗಿ ಗಿಡ

ನವೆಂಬರ್ ಮುಗಿಯುತ್ತ ಬಂದಂತೆ ನಮ್ಮ ದೊಡ್ಡವ್ವನ ಹತ್ತೂ ಬೆರಳು ಹಸಿರಾಗುತ್ತಿದ್ದವು. ಉಗುರಿನ ಸಂದಿಗೆ ಹೊಕ್ಕ ಬಣ್ಣ ಸಂಕ್ರಾಂತಿ ದಾಟಿದರೂ ಬಿಡುತ್ತಿರಲಿಲ್ಲ. ಅದೇ ಬೆರಳಿನಿಂದ ರೊಟ್ಟಿ ಬಡಿಯುತ್ತಿದ್ದಳು, ಅದೇ ಬೆರಳು ಮುಂದೆ ಮಾಡಿ ಊರಿಗೆಲ್ಲ ಬೈಯುತ್ತಿದ್ದಳು. ಚರ್ಚಿನಲ್ಲಿ ಅವಳು ಕೈಮುಗಿದು ಕೂತರೆ ಹಿಂದಿನ ಸಾಲಿನ ಹೆಂಗಸರು ಕಿಸಕ್ಕನೆ ನಗುತ್ತಿದ್ದರು. ದೊಡ್ಡವ್ವ ಪ್ರಾರ್ಥನೆಯ ನಡುವೆಯೇ ಹಿಂದೆ ತಿರುಗಿ, "ಯಾಕ್ರವ್ವ, ಹಲ್ಲು ತೋರ್ಸಾಕ ಬಂದೀರೇನು ಇಲ್ಲಿ?" ಎಂದು ಕೇಳಿ, ಮತ್ತೆ ಮುಂದೆ ತಿರುಗಿ ಆಮೆನ್ ಹೇಳುತ್ತಿದ್ದಳು.

ಆ ಹಸಿರು ನಮ್ಮ ಮನೆಯ ಕ್ರಿಸ್‌ಮಸ್ ಗಿಡದ್ದು. ದೊಡ್ಡವ್ವ ಅಂದರೆ ನನ್ನ ಅವ್ವನ ಅಕ್ಕ. ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ಬೀದರದ ಒಂದು ದವಾಖಾನೆಯ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿ ಸೇರಿದವಳು. ಅಲ್ಲಿದ್ದ ಮಿಶನ್ನಿನ ಮಿಸ್ಸಮ್ಮ ತನ್ನ ದೇಶಕ್ಕೆ ಹೊರಡುವಾಗ ಒಂದು ಕೃತಕ ಗಿಡವನ್ನು ಇವಳಿಗೆ ಕೊಟ್ಟು ಹೋಗಿದ್ದಳಂತೆ. ತಂತಿಯ ಕಾಂಡ, ತಂತಿಯ ಕೊಂಬೆ, ಅದರ ಮೇಲೆ ಪ್ಲಾಸ್ಟಿಕ್ಕಿನ ಸಣ್ಣ ಸಣ್ಣ ಎಲೆ. ನಮ್ಮ ಬೀದರದ ಬಿಸಿಲಿಗೆ ಪ್ಲಾಸ್ಟಿಕ್ ಎಷ್ಟು ದಿನ ತಾಳೀತು? ವರ್ಷ ವರ್ಷ ಉದುರುತ್ತ ಬಂತು. ಬೋಳಾದ ಕೊಂಬೆಗೆ ದೊಡ್ಡವ್ವ ಸಿಂದಿ ಬಾರಿಗಿಯ, ಅಂದರೆ ಈಚಲ ಪೊರಕೆಯ, ಗರಿ ಸೀಳಿ, ಚಾಪೆಗೆ ಹಾಕುವ ಹಸಿರು ಬಣ್ಣದಲ್ಲಿ ಅದ್ದಿ, ದಾರ ಸುತ್ತಿ ಕಟ್ಟುತ್ತಿದ್ದಳು. ನನಗೆ ಬುದ್ಧಿ ಬರುವ ಹೊತ್ತಿಗೆ ಮಿಸ್ಸಮ್ಮನದು ಅಂತ ಉಳಿದದ್ದು ತಂತಿ ಮಾತ್ರ.

ಓಣಿಯವರು ಅದಕ್ಕೆ ಬಾರಿಗಿ ಗಿಡ ಎಂದೇ ಹೆಸರಿಟ್ಟಿದ್ದರು. "ಹೊಸಾದು ತರಬಾರದೇನ್ರಿ, ಪ್ಯಾಟ್ಯಾಗ ಎಷ್ಟು ಛಂದ ಛಂದ ಬಂದಾವ" ಎಂದು ಯಾರೋ ಅಂದದ್ದಕ್ಕೆ ದೊಡ್ಡವ್ವ, "ಬಾರಿಗೀನೇ ಇರ್ಲಿ. ಹಬ್ಬ ಮುಗದ ಮ್ಯಾಲ ನಿನ್ನ ಬಾಯಿ ಕಸಾ ಹೊಡ್ಯಾಕ ಬರ್ತದ" ಎಂದು ಅವರನ್ನು ಗೇಟಿನಾಚೆಗೆ ಕಳಿಸಿದ್ದಳು.

ಆ ಗಿಡಕ್ಕೆ ಒಂದು ಕಾಯಿದೆ ಇತ್ತು. ಮನೆಯವರೆಲ್ಲ ಬಂದು ಹೊಸ್ತಿಲು ದಾಟುವವರೆಗೆ ಗಿಡದ ತುದಿಗೆ ಚುಕ್ಕಿ ಕಟ್ಟುವಂತಿಲ್ಲ. ಎಲ್ಲರಿಗಿಂತ ಕೊನೆಗೆ ಬಂದವರೇ ಕಟ್ಟಬೇಕು. ಕಟ್ಟುವ ಮೊದಲು ದೊಡ್ಡವ್ವನಿಂದ ಬೈಸಿಕೊಳ್ಳಬೇಕು. ಭಾಲ್ಕಿಯ ಕಡೆಯಿಂದ ನನ್ನ ಅಪ್ಪ, ಅವ್ವ, ಸಾಯಗಾಂವದಿಂದ ದೊಡ್ಡವ್ವನ ಮಗ, ಅಂದರೆ ನನ್ನ ಅಣ್ಣ, ಅವನ ಹೆಂಡತಿ ವೈನಿ, ಎಲ್ಲರೂ ಬೀದರದ ನೌಬಾದದಲ್ಲಿದ್ದ ದೊಡ್ಡವ್ವನ ಆ ಎರಡು ಕೋಣೆಯ ಮನೆಗೆ ಬರುವವರು. ಯಾರ ಬಸ್ಸು ತಡವಾಯಿತೋ ಅವರಿಗೆ ಬೈಗುಳ, ಬೈಗುಳದ ಹಿಂದೆಯೇ ಚುಕ್ಕಿ. ಸಣ್ಣವಳಿದ್ದಾಗ ನಾನು ಬೇಕಂತಲೇ ಗೇಟಿನ ಹೊರಗೆ ಅಡಗಿ ಕೊನೆಗೆ ಬರುತ್ತಿದ್ದೆ.

ನಾನು ಹೈಸ್ಕೂಲಿಗೆಂದು ದೊಡ್ಡವ್ವನ ಮನೆಯಲ್ಲೇ ಇದ್ದ ವರ್ಷಗಳಲ್ಲಿ ಮಳೆ ಕೈಕೊಟ್ಟಿತು. ಕೂಲಿ ಮಾಡುತ್ತಿದ್ದ ಅಣ್ಣನಿಗೆ ಸಾಯಗಾಂವದಲ್ಲಿ ಹೊಲದ ಕೆಲಸವೇ ಇಲ್ಲದಂತಾಯಿತು. ಔರಾದ ಕಡೆಯ ಒಬ್ಬ ಮುಕಾದಮ, ಆಳು ಕೂಡಿಸಿ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಒಯ್ಯುವವನು, ಭಾಲ್ಕಿಗೆ ಟ್ರಕ್ ತಂದು ನಿಲ್ಲಿಸಿದ. ಅಣ್ಣ ಹೊರಟ. ವೈನಿಯೂ ಹೊರಟಳು. ವೈನಿ ಬಸುರಿ. ಸುದ್ದಿ ಮುಟ್ಟಿದ್ದೇ ದೊಡ್ಡವ್ವ ನನ್ನನ್ನು ಎಳಕೊಂಡು ಬಸ್ಸು ಹತ್ತಿ ಭಾಲ್ಕಿಗೆ ಹೋಗಿ ಟ್ರಕ್ಕಿಗೆ ಅಡ್ಡ ನಿಂತಳು.

"ಈಕಿಗಿ ಬಿಟ್ಟು ಹೋಗು. ನನ್ನ ಕೈಯಾಗ ಹಡೀಲಿ."

"ಆಯಿ, ಜೋಡಿ ಇದ್ರೇ ಕೆಲಸರಿ" ಅಂದ ಮುಕಾದಮ. "ಗಂಡ ಕಡದ್ರ ಹೆಣ್ತಿ ಸೂಡು ಕಟ್ಟಿ ಹೊರಬೇಕು. ಒಂಟಿ ಗಂಡಸಿಗಿ ಒಯ್ದು ಏನ್ ಮಾಡ್ಲಿ? ಕಿರಸ್ಮಸ್‌ಕ್ಕ ಇಬ್ಬರಿಗೀ ನಾನೇ ತಂದು ನಿಮ್ಮ ಮನಿ ಮುಂದ ಇಳಸ್ತೇನಿ. ಹೆರಿಗಿ ನಿಮ್ಮ ಕೈಯಾಗೇ ಆಗ್ತದ."

"ಖರೆ?"

"ನಮ್ಮವ್ವನಾಣಿ ಖರೆ, ಆಯಿ."

ದೊಡ್ಡವ್ವ ಸರಿದು ನಿಂತಳು. ಆ ಆಣೆಯನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಹೆತ್ತವಳ ಮೇಲೆ ಆಣೆಯಿಟ್ಟು, ಹೆರಲಿರುವವಳನ್ನು ಟ್ರಕ್ಕಿಗೆ ಹತ್ತಿಸಿಕೊಂಡು ಹೋದನಲ್ಲ ಆ ಭಾಡ್ಯಾ!

ಆ ವರ್ಷ ಓಣಿಯಲ್ಲಿ ಕುಡಿಯುವ ನೀರಿಗೇ ಜಗಳ. ಟ್ಯಾಂಕರ್ ಬಂದರೆ ಕೊಡಗಳ ಮೇಲೆ ಕೊಡ ಬೀಳುತ್ತಿದ್ದವು. ದೊಡ್ಡವ್ವ ಅಕ್ಕಿ ತೊಳೆದ ನೀರು ಎತ್ತಿಟ್ಟು ಅದರಲ್ಲೇ ಬಣ್ಣ ಕಲಸಿದಳು. ಗಿಡ ಒಂಥರಾ ಬೂದು ಹಸಿರಾಯಿತು. "ನಾಲಿಗಿಗಿ ನೀರಿಲ್ಲ, ಇಕಿಗಿ ಬಾರಿಗಿ ಶೃಂಗಾರ" ಎಂದು ಪಕ್ಕದ ಮನೆಯವಳು ಗೋಡೆಯಾಚೆಯಿಂದ ಅಂದಳು. ದೊಡ್ಡವ್ವ ಆಗ ಮಾತ್ರ ತಿರುಗಿ ಮಾತಾಡಲಿಲ್ಲ. ಬಾಣಂತಿಗೆಂದು ಅಳವಿ, ಗೋಂದು, ಒಣಕೊಬ್ಬರಿ ತಂದು ಡಬ್ಬಿಗೆ ತುಂಬುತ್ತಿದ್ದಳು. ಹಳೆಯ ಸೀರೆ ಹರಿದು, ಕುದಿಸಿ, ಒಣಗಿಸಿ, ಕೂಸಿಗೆ ಬಟ್ಟೆ ಮಡಚಿಟ್ಟಿದ್ದಳು. ಊರ ಮಕ್ಕಳನ್ನೆಲ್ಲ ಮೊದಲು ಎತ್ತಿಕೊಂಡ ಕೈ ಅವು. ಈಗ ತನ್ನ ಮೊಮ್ಮಗುವನ್ನು ಎತ್ತಿಕೊಳ್ಳಬೇಕೆಂಬುದು ಅವಳ ಒಂದೇ ಹಟವಾಗಿತ್ತು.

ಕ್ರಿಸ್‌ಮಸ್ ಬಂತು, ಟ್ರಕ್ ಬರಲಿಲ್ಲ. ನನ್ನ ಅಪ್ಪ, ಅವ್ವ ಬಂದರು, ಕರ್ಜಿಕಾಯಿ ತಿಂದರು, ಗಿಡದ ಬೋಳು ತುದಿ ನೋಡಿದರು. ದೊಡ್ಡವ್ವ ಚುಕ್ಕಿಯನ್ನು ಉಡಿಯಲ್ಲಿ ಇಟ್ಟುಕೊಂಡು ಬಾಗಿಲಿನಲ್ಲಿ ಕೂತೇ ಇದ್ದಳು. ಹೊಸ ವರ್ಷದ ಆರಾಧನೆ ಮುಗಿದದ್ದೇ ನನ್ನನ್ನು ಕರೆದುಕೊಂಡು ಔರಾದ ಬಸ್ಸು ಹತ್ತಿದಳು.

ಆಳುಗಳು ಕಬ್ಬಿನ ಹೊಲದಲ್ಲಿ, ಮುಕಾದಮ ಮಾತ್ರ ಮನೆಯ ಅಂಗಳದಲ್ಲಿ ಹಗ್ಗ ಹೆಣೆದ ಬಾಜಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ.

"ನನ್ನ ಸೊಸಿ ಎಲ್ಲಿ?" ಅಂದಳು ದೊಡ್ಡವ್ವ. ನಮಸ್ಕಾರವೂ ಇಲ್ಲ, ಏನೂ ಇಲ್ಲ.

"ಕೂಡ್ರಿ ಆಯಿ, ಚಹಾ ಕುಡೀರಿ. ಹಂಗಾಮ ಜೋರ್ ನಡದಾದ. ನಡಬರಕ ಒಬ್ಬರಿಗಿ ಬಿಟ್ರ ಎಲ್ಲಾರೂ ಗಂಟು ಕಟ್ತಾರ. ಅಲ್ಲೇ ನಾಕ್ ಮಂದಿ ಹೆಂಗಸ್ರು ಅದಾರ, ಹೆರಿಗಿ ಮಾಡ್ತಾರ."

"ಹಬ್ಬಕ್ಕ ತಂದು ಬಿಡ್ತೇನಿ ಅಂದಿದ್ದಿ."

ಅವನು ನಕ್ಕ. "ನಿಮ್ಮ ಹಬ್ಬಾನೂ ಕಬ್ಬಿನ ಹಂಗಾಮಿನ್ಯಾಗೇ ಬರ್ತದಲ್ಲರಿ, ನಾ ಏನ್ ಮಾಡ್ಲಿ? ಬ್ಯಾಸಿಗ್ಯಾಗ ಇಟ್ಕೋರಿ."

ಅವನ ಜೊತೆ ಚಹಾಕ್ಕೆ ಕೂತವರೆಲ್ಲ ನಕ್ಕರು. ನನಗೆ ಕಣ್ಣಲ್ಲಿ ನೀರು ಬಂತು. ದೊಡ್ಡವ್ವನ ಕಣ್ಣಲ್ಲಿ ಬರಲಿಲ್ಲ. ಹಸಿರು ಬೆರಳನ್ನು ಅವನ ಮೂಗಿನ ಹತ್ತಿರ ಒಯ್ದಳು.

"ಆಯ್ತು. ನೀ ಬಿಟ್ಟ ದಿನಾನೇ ನಮ್ಮ ಹಬ್ಬ. ಅಲ್ಲೀತನ ನನ್ನ ಗಿಡ ಇಳಸಲ್ಲ. ಆದ್ರ ನೆನಪಿಡು, ನಿಮ್ಮವ್ವನಾಣಿ ಹಾಕೀದಿ. ಆಕಿ ಮಾರಿ ಹ್ಯಾಂಗ ನೋಡ್ತಿ, ನೋಡು."

ಹೇಳಿದ ಹಾಗೇ ಮಾಡಿದಳು. ಜನವರಿ ಹೋಯಿತು, ಗಿಡ ನಿಂತೇ ಇತ್ತು. ಫೆಬ್ರವರಿ ಹೋಯಿತು, ಗಾಳಿಗೆ ಬಾರಿಗಿ ಕಡ್ಡಿ ಉದುರಿದವು, ಅವಳು ಮತ್ತೆ ಕಟ್ಟಿದಳು. ಈಸ್ಟರಿಗೆ ಮೊದಲಿನ ಶ್ರಮೆಯ ದಿನಗಳು ಶುರುವಾದವು. ಆ ದಿನಗಳಲ್ಲಿ ಕ್ರೈಸ್ತರ ಮನೆಯಲ್ಲಿ ಸಡಗರ ಇರಬಾರದು. ಪಾಸ್ಟರ್ ಸಾಹೇಬರು ಮನೆಗೇ ಬಂದರು.

"ಅಮ್ಮಾ, ಇದು ಸರಿ ಕಾಣಲ್ಲ. ಸಭೆಯವರು ಮಾತಾಡ್ತಿದ್ದಾರೆ. ಉಪವಾಸದ ಕಾಲದಲ್ಲಿ ಕ್ರಿಸ್‌ಮಸ್ ಗಿಡವೇ?"

"ಕೂಡ್ರಿ ಸಾಹೇಬ್ರ" ಅಂದಳು ದೊಡ್ಡವ್ವ. "ಒಂದು ಮಾತು ಕೇಳ್ತೇನಿ. ಸ್ವಾಮಿ ತಿರುಗಿ ಬರ್ತಾನ ಅಂತ ನೀವು ವಾರಾವಾರ ಹೇಳ್ತೀರಿ. ನಾ ಹುಟ್ಟೋಕಿಂತ ಮೊದಲಿಂದಾನೂ ಹೇಳ್ತಾರ. ಇನ್ನಾ ಬಂದಿಲ್ಲ. ನಾ ಏನಾರ ಬ್ಯಾಸರ ಮಾಡ್ಕೊಂಡೀನೇನು? ಯಾಕ ತಡ ಅಂತ ನಿಮಗ ಕೇಳೀನೇನು?"

"ಇಲ್ಲಮ್ಮ."

"ಮತ್ತ ನನ್ನ ಮಗ, ಸೊಸಿ ಬರೋದು ನಾಕ್ ದಿನ ತಡ ಆದ್ರ ನಿಮಗ್ಯಾಕ ಬ್ಯಾಸರ? ಕಾಯೋದು ನೀವೇ ಕಲಸೀರಿ. ಕಾಯ್ಲಾಕತ್ತೇನಿ."

ಪಾಸ್ಟರ್ ಸಾಹೇಬರು ಚಹಾ ಕುಡಿದು ಎದ್ದು ಹೋದರು. ಅವರು ಮರೆಯಾದ ಮೇಲೆ ದೊಡ್ಡವ್ವ ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅವಳು ಅತ್ತದ್ದನ್ನು ನಾನು ಮೊದಲ ಸಲ ನೋಡಿದ್ದು ಅಂದೇ.

ಈಸ್ಟರಿಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರದ ಹಿಂದಿನ ದಿನ, ಉರಿಬಿಸಿಲಲ್ಲಿ, ಅಣ್ಣ ಗಂಟು ಹೊತ್ತುಕೊಂಡು ಗೇಟು ತೆಗೆದ. ಹೊತ್ತಿಸಿ ಆರಿಸಿದ ಕಟ್ಟಿಗೆಯ ಹಾಗಿದ್ದ. ಅವನ ಹಿಂದೆ ವೈನಿ. ಅವಳ ಸೆರಗಿನೊಳಗೆ ಅಂಗೈಯಷ್ಟು ಮುಖದ ಒಂದು ಹೆಣ್ಣು ಕೂಸು. ಮೂವರೂ ಬದುಕಿದ್ದರು. ದೊಡ್ಡವ್ವ ಕೂಸನ್ನು ಈಸಿಕೊಳ್ಳಲಿಲ್ಲ. ಮೊದಲು ಅದರ ಹೊಕ್ಕಳು ನೋಡಿದಳು.

"ಹುರಿ ಯಾತರಿಂದ ಕೊಯ್ದ್ರ?"

"ಕಬ್ಬು ಕಡಿಯೋ ಕೋಯ್ತಾದಿಂದರಿ ಅತ್ತಿ" ಅಂದಳು ವೈನಿ. "ಮುಂಜಾನಿ ಸೂಡು ಹೊತ್ತೆ. ಮಧ್ಯಾಹ್ನಕ್ಕ ಬ್ಯಾನಿ ಬಂತು. ಕಬ್ಬಿನ ಸೂಡಿನ ಮರಿಗೇ ಹಡದೆ."

"ಕಾಸಿದ್ರಾ ಅದಕ್ಕ?"

ವೈನಿ ಕೂಸಿನ ಬಟ್ಟೆ ಸರಿಮಾಡಿದಳು. ಅಣ್ಣ ನೆಲ ನೋಡಿದ. ಆಗ ದೊಡ್ಡವ್ವ ಬೈಯಲು ಶುರು ಮಾಡಿದಳು ನೋಡಿ! ಮುಕಾದಮನಿಗೆ, ಕಾರ್ಖಾನೆಗೆ, ಮಳೆಗೆ, ಟ್ರಕ್ ಓಡಿಸಿದವನಿಗೆ, ಅಂದು ಅಡ್ಡ ನಿಂತು ಮತ್ತೆ ಸರಿದ ತನ್ನ ಕಾಲಿಗೆ. ಬೈಯುತ್ತಲೇ ಒಲೆ ಹಚ್ಚಿದಳು, ಬೈಯುತ್ತಲೇ ಕೂಸಿಗೆ ಎರೆದಳು, ಬೈಯುತ್ತಲೇ ಅಳವಿ ಕುದಿಸಿ ಸೊಸೆಯ ಬಾಯಿಗೆ ಹಿಡಿದಳು. ಸಂಜೆ ಹೊತ್ತಿಗೆ ಅವಳ ದನಿ ಬಿದ್ದುಹೋಗಿತ್ತು. ಆಗ ಕೂಸನ್ನು ಎತ್ತಿಕೊಂಡು ಗಿಡದ ಹತ್ತಿರ ಹೋಗಿ, "ಎಲ್ಲಾರಿಗಿಂತ ಕೊನಿಗಿ ಬಂದಾಕಿ ನೀ. ಎಷ್ಟೊತ್ತಿಗಿ ಬರೋದು, ಹಾಂ?" ಎಂದು ಪಿಸುದನಿಯಲ್ಲಿ ಬೈದು, ಅದರ ಮುಷ್ಟಿಗೆ ಚುಕ್ಕಿ ತಾಕಿಸಿ, ತುದಿಗೆ ಕಟ್ಟಿದಳು. ಕರ್ಜಿಕಾಯಿ ಮಾಡಲು ರವೆ ಇರಲಿಲ್ಲ. ಬೆಲ್ಲ ತಿಂದೆವು.

ಮರುದಿನ ಚರ್ಚಿನಲ್ಲಿ ಎಲ್ಲರ ಕೈಯಲ್ಲೂ ಸಿಂದಿ ಗರಿ. ಪಾಸ್ಟರ್ ಸಾಹೇಬರಿಗೆ ನಮ್ಮ ಮನೆಯ ಸುದ್ದಿ ಮುಟ್ಟಿತ್ತು. ಪಾಪ, ಒಳ್ಳೆಯ ಮನುಷ್ಯ, ಒಳ್ಳೆಯದೇ ಹೇಳಲು ಹೋದರು. ನಮ್ಮ ಕರ್ತನೂ ದನದ ಕೊಟ್ಟಿಗೆಯಲ್ಲಿ ಹುಟ್ಟಿದ, ಈ ಕೂಸೂ ಕಬ್ಬಿನ ಹೊಲದಲ್ಲಿ ಹುಟ್ಟಿದೆ, ಎಂಥ ಭಾಗ್ಯ ಅಂದರು. ದೊಡ್ಡವ್ವ ಗರಿ ಹಿಡಿದುಕೊಂಡೇ ಎದ್ದು ನಿಂತಳು.

"ಸಾಹೇಬ್ರ, ತಪ್ಪು ತಿಳ್ಕೋಬ್ಯಾಡ್ರಿ. ಯೇಸುಸ್ವಾಮಿ ಕೊಟ್ಟಿಗ್ಯಾಗ ಹುಟ್ಟಿದ್ದು ದೇವರ ಇಚ್ಛಾ. ನನ್ನ ಮೊಮ್ಮಗಳು ಕಬ್ಬಿನ್ಯಾಗ ಹುಟ್ಟಿದ್ದು ಮುಕಾದಮನ ಇಚ್ಛಾ. ಎರಡೂ ಒಂದು ಮಾಡಬ್ಯಾಡ್ರಿ. ಭಾಗ್ಯ ಅಂತ ನನ್ನ ಸೊಸಿ ಮುಂದ ಅನಬ್ಯಾಡ್ರಿ."

ಪಾಸ್ಟರ್ ಸಾಹೇಬರ ಮುಖ ಕೆಂಪಾಯಿತು. ಕೊನೆಗೆ, "ಸರಿಯಮ್ಮಾ, ಅನ್ನಲ್ಲ" ಅಂದರು. ನಾನು ಆಮೇಲೆ ಎಷ್ಟೋ ಕಡೆ ದೊಡ್ಡ ದೊಡ್ಡವರ ಭಾಷಣ ಕೇಳಿದ್ದೇನೆ, ಬಡವರ ಕಷ್ಟಕ್ಕೆ ಚಂದದ ಹೆಸರು ಕೊಡುವುದನ್ನು ನೋಡಿದ್ದೇನೆ. ಪ್ರತಿ ಸಲವೂ ಎದ್ದು ನಿಲ್ಲಬೇಕೆಂಬ ಸಿಟ್ಟು ನನಗೆ ಬಂದದ್ದು ಅವಳಿಂದ. ಎರಡು ಸಲ ನಿಂತೂ ಇದ್ದೇನೆ.

ಅಣ್ಣ, ವೈನಿ ಮತ್ತೆ ಕಬ್ಬಿಗೆ ಹೋಗಲಿಲ್ಲ. ದೊಡ್ಡವ್ವ ಬಿಡಲಿಲ್ಲ. ಅಣ್ಣ ನೌಬಾದದಲ್ಲೇ ಆಟೊ ಓಡಿಸಿದ. ಆ ಕೂಸು ದೊಡ್ಡವ್ವನ ಕಂಕುಳಲ್ಲೇ ಬೆಳೆದು ಈಗ ಕಾಲೇಜಿಗೆ ಹೋಗುತ್ತಾಳೆ. ಬಾಯಿ ಥೇಟ್ ಅಜ್ಜಿಯದೇ.

ಹೋದ ಶ್ರಾವಣದಲ್ಲಿ ದೊಡ್ಡವ್ವ ತೀರಿಕೊಂಡಳು. ಮಳೆ ಬಿದ್ದು ನೆಲ ಮೆತ್ತಗಿದ್ದ ದಿನ ಮಣ್ಣು ಕೊಟ್ಟೆವು. ಡಿಸೆಂಬರಿನಲ್ಲಿ ನಾನು ಈಗ ಇರುವ ಕಲಬುರಗಿಯಿಂದ ಹಬ್ಬಕ್ಕೆ ಹೊರಟೆ, ಹುಮನಾಬಾದದ ಹತ್ತಿರ ಬಸ್ಸು ಕೆಟ್ಟು ನಿಂತಿತು. ಬೀದರ ಮುಟ್ಟಿದಾಗ ಇಳಿಹೊತ್ತು. ಸರ್ಕಲ್‌ನಲ್ಲಿ ಒಂದು ದೊಡ್ಡ ಬ್ಯಾನರ್. ಅದೇ ಮುಕಾದಮ, ಈಗ ಲೀಡರ್, ಕೈಮುಗಿದುಕೊಂಡು ಸಮಸ್ತ ಕ್ರೈಸ್ತ ಬಾಂಧವರಿಗೆ ಶುಭಾಶಯ ಕೋರುತ್ತಿದ್ದ. ಪಕ್ಕದಲ್ಲಿ ಕ್ರಿಸ್‌ಮಸ್ ಗಿಡದ ಚಿತ್ರ, ತುದಿಯಲ್ಲಿ ಫಳಫಳ ಹೊಳೆಯುವ ಚುಕ್ಕಿ. ಆಟೊದಿಂದ ಜಿಗಿದು ಹರಿದು ಹಾಕಬೇಕೆನಿಸಿತು.

ಉರಿಯುತ್ತಲೇ ಮನೆಗೆ ಬಂದೆ. ಎಲ್ಲರೂ ಕಾಯುತ್ತ ಕೂತಿದ್ದರು. ಬಾರಿಗಿ ಗಿಡ ಮೂಲೆಯಲ್ಲಿತ್ತು, ತುದಿ ಬೋಳು. ಹುಡುಗಿ ಚುಕ್ಕಿ ತಂದು ನನ್ನ ಮುಂದೆ ಹಿಡಿದಳು. ಅವಳ ಹತ್ತೂ ಬೆರಳು ಹಸಿರಾಗಿದ್ದವು.

"ಕೊನಿಗಿ ಬಂದಾಕಿ ನೀನೇ ಅತ್ತಿ. ಕಟ್ಟು."

"ನಾ ಕಟ್ಟಲ್ಲ" ಅಂದೆ. "ಎಲ್ಲಾರೂ ಬಂದಾರೇನು ಮನಿಗಿ? ದೊಡ್ಡವ್ವ ಎಲ್ಲಿ? ಆಕಿ ಬರದ ಹ್ಯಾಂಗ ಕಟ್ತೀರಿ?" ಅಂದವಳೇ ಗೋಳೋ ಅಂದುಬಿಟ್ಟೆ.

ಹುಡುಗಿ ಅಲ್ಲಾಡಲಿಲ್ಲ. "ನೀ ಹಿಂಗ ರಂಪ ಮಾಡ್ತಿ ಅಂತ ಆಯಿಗಿ ಗೊತ್ತಿತ್ತು. ದವಾಖಾನ್ಯಾಗ ಇದ್ದಾಗ ಹೇಳ್ಯಾಳ. 'ಆಕಿಗಿ ಹೇಳು, ನಾ ಮೊದಲೇ ಹೋಗಿ ಮನಿ ಮುಟ್ಟೀನಿ. ತಡ ಮಾಡ್ಲಾಕತ್ತಾವ್ರು ನೀವು. ಅಲ್ಲಿ ಬಾಗಲಾಗ ಚುಕ್ಕಿ ಉಡಿಯಾಗ ಇಟ್ಕೊಂಡು ಕುಂತಿರ್ತೇನಿ. ಬರ್ರಿ, ಒಬ್ಬೊಬ್ಬರಿಗಿ ಬೈತೇನಿ' ಅಂದಾಳ."

ನಾನು ಮೂಗು ಒರೆಸಿಕೊಂಡು ಚುಕ್ಕಿ ಕಟ್ಟಿದೆ. ಬಾರಿಗಿ ಕಡ್ಡಿ ಚುಚ್ಚಿತು, ಕೈಗೆ ಬಣ್ಣ ಹತ್ತಿತು. ಸಿಟ್ಟು ಹೋಯಿತೇ ಎಂದರೆ ಇಲ್ಲ, ಹೋಗಿಲ್ಲ. ಆ ಬ್ಯಾನರಿನ ಸಿಟ್ಟನ್ನು ಹಾಗೇ ಜೋಪಾನ ಇಟ್ಟಿದ್ದೇನೆ. ಬರುವಾಗ ತರುತ್ತೇನೆ ದೊಡ್ಡವ್ವ. ಮೊದಲು ನೀ ನನಗೆ ಬೈ. ಆಮೇಲೆ ಇಬ್ಬರೂ ಕೂಡಿ ಅವನಿಗೆ ಬೈಯೋಣ.