ಕೊಕ್ಕೆಯಿಲ್ಲದ ಹಲ್ಲು

ಜಿಪ್ ಮಾವನಿಗೆ ಮೊಮ್ಮಗಳನ್ನು ಕಂಡರಾಗುವುದಿಲ್ಲ ಎಂದು ನಾನು ನಂಬಿದ್ದೆ. ನಂಬಿ ಸುಮ್ಮನಿರದೆ, ಮನುಷ್ಯರ ಮನಸ್ಸು ಓದುವುದರಲ್ಲಿ ನನ್ನನ್ನು ಬಿಟ್ಟರಿಲ್ಲವೆಂಬ ಠೀವಿಯಲ್ಲಿ ನೆಂಟರಿಗೆಲ್ಲ ಹೇಳಿಕೊಂಡೂ ತಿರುಗಿದ್ದೆ. ಬಾಣಂತಿ ಮಗಳು ಒಳಕೋಣೆಯಲ್ಲಿದ್ದರೆ ಈ ಮಹಾನುಭಾವರು ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಹೊಸಿಲಾಚೆಯೇ ನಿಲ್ಲುತ್ತಿದ್ದರು. ಕೂಸು ಅತ್ತರೆ ಓಡಿಬಂದು, ಹೊಸಿಲಲ್ಲೇ ತಡೆದು ನಿಂತು, ಹಿಂದಕ್ಕೆ ಹೋಗುತ್ತಿದ್ದರು.

ಮಾವ ಅಂದರೆ ಅಮ್ಮನ ತಮ್ಮ. ಬಸ್ ನಿಲ್ದಾಣದ ಮೆಟ್ಟಿಲ ಕೆಳಗೆ ಕುಳಿತು ಕೆಟ್ಟ ಜಿಪ್ ಸರಿಮಾಡುವುದು ಅವರ ಕಸುಬು. ಹಲ್ಲುಗಳ ಮೇಲೆ ಜಾರುವ ‘ರನ್ನರ್’ ಅನ್ನು ಇಕ್ಕಳದಲ್ಲಿ ಒಂಚೂರು ಅದುಮಿ, ಹಲ್ಲುಗಳಿಗೆ ಮೇಣ ಸವರಿ, ಸರ್ರೆಂದು ಎಳೆದು, "ಚೀಲದ ಬಾಯಿ ಮುಚ್ಚಿಸಿದೀನಿ. ಮನೇಲಿರೋರದ್ದು ನನ್ನ ಕೈಲಾಗಲ್ಲ" ಅನ್ನುವರು.

ಒಂದು ದಿನ ಉಪದೇಶಕ್ಕೆಂದೇ ಅವರ ಮನೆಗೆ ಹೋದೆ. "ಮಾವ, ರಕ್ತಸಂಬಂಧ ಅಂದ್ರೆ..." ಎಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವರು ಕರವಸ್ತ್ರ ಇಳಿಸಿದರು. ತುಟಿಯಂಚಿನಲ್ಲಿ ಗುಳ್ಳೆಗಳ ಗೊಂಚಲು.

"ಹರ್ಪಿಸ್ ವೈರಸ್ಸು," ಎಂದಳು ಮಗಳು ಮಂಚದಿಂದಲೇ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. "ದೊಡ್ಡೋರಿಗೆ ಬರೀ ಉರಿ. ಹಸುಗೂಸಿಗೆ ತಗುಲಿದ್ರೆ ಜೀವಕ್ಕೇ ಅಪಾಯ. ಡಾಕ್ಟರು ಮಾತ್ರೆ ಕೊಟ್ಟಿದಾರೆ, ಅಪ್ಪ ನುಂಗ್ತಿಲ್ಲ."

"ವೈರಸ್ಸನ್ನ ಕೊಲ್ಲೋದು ನನ್ನನ್ನ ಬಿಡುತ್ತೇನಮ್ಮ? ಕೂಸನ್ನ ಎತ್ಕೊಳ್ಳೋಕೆ ನಾನೂ ಇರಬೇಕಲ್ಲ!"

"ಅಪ್ಪಾ, ನಿನ್ನ ಕಸುಬಲ್ಲೇ ಹೇಳ್ತೀನಿ ಕೇಳು. ವೈರಸ್ಸು ತನ್ನ ನಕಲು ಮಾಡೋವಾಗ ಜಿಪ್ಪಿನ ಥರ ಹಲ್ಲಿನ ಪಕ್ಕ ಹಲ್ಲು ಜೋಡಿಸ್ತಾ ಹೋಗುತ್ತೆ. ಈ ಔಷಧಿ ಒಂದು ಸುಳ್ಳು ಹಲ್ಲು. ನೋಡೋಕೆ ಅಸಲಿ ಥರಾನೇ, ಮುಂದಿನ ಹಲ್ಲು ಹಿಡಿಯೋ ಕೊಕ್ಕೆ ಮಾತ್ರ ಇಲ್ಲ. ಜಿಪ್ಪು ಅಲ್ಲಿಗೇ ನಿಂತುಹೋಗುತ್ತೆ."

"ನನ್ನ ಮೈಯಲ್ಲೂ ಹಲ್ಲು ಜೋಡಿಸೋ ಕೆಲಸ ನಡೀತಿರುತ್ತಲ್ಲ?"

"ಇರುತ್ತೆ. ಆದ್ರೆ ಈ ಹಲ್ಲು ಬರೋದೇ ಬೀಗ ಹಾಕ್ಕೊಂಡು. ಮೊದಲನೇ ಬೀಗದ ಕೀಲಿ ವೈರಸ್ಸಿನ ಹತ್ರ ಇದೆ. ನಮ್ಮ ಜೀವಕೋಶಕ್ಕೆ ಅದನ್ನ ತೆಗೆಯೋಕೆ ಬರೋದೇ ಇಲ್ಲ ಅನ್ನಬಹುದು. ವೈರಸ್ಸು ಹೊಕ್ಕಿರೋ ಕಡೆ ಮಾತ್ರ ಔಷಧಿ ಎಚ್ಚರ ಆಗುತ್ತೆ."

"ಅಂದ್ರೆ ಕಳ್ಳ ತಾನೇ ಬೀಗ ತೆಗೆದು ತಾನೇ ಸಿಕ್ಕಿಹಾಕ್ಕೋತಾನೆ!" ಮಾವ ನಗಲು ಹೋಗಿ, ತುಟಿ ಬಿರಿದು, "ಅಯ್ಯಮ್ಮಾ" ಎಂದು ಮಾತ್ರೆಗೆ ಕೈಚಾಚಿದರು.

ಗುಳ್ಳೆ ಒಣಗಿತು, ಹೊಪ್ಪಳೆ ಉದುರಿತು, ತುಟಿ ನಯವಾಯಿತು. ಮಗಳು ಕನ್ನಡಕ ಹಾಕಿಕೊಂಡು ತಪಾಸಣೆ ಮಾಡಿ ಅಪ್ಪಣೆ ಕೊಟ್ಟಳು. ಮಾವ ಕೈ ತೊಳೆದು, ಮತ್ತೊಮ್ಮೆ ತೊಳೆದು, ಮೊದಲ ಸಲ ಹೊಸಿಲು ದಾಟಿದರು. ಎಂಥೆಂಥ ಬಿಗಿದ ಜಿಪ್ಪನ್ನು ಬಗ್ಗಿಸಿದ ಕೈಗಳು ಕೂಸನ್ನು ಮೆಲ್ಲಗೆ ಎತ್ತಿಕೊಂಡವು. ಬಗ್ಗಿ, ಅದರ ಅಂಗಾಲಿಗೊಂದು ಮುತ್ತು ಕೊಟ್ಟರು. ಕೂಸು ಅವರ ಮೂಗಿಗೇ ಒದೆಯಿತು. ಅವರ ಕಣ್ಣು ತುಂಬಿದ್ದು ಒದೆತಕ್ಕಂತೂ ಅಲ್ಲ.

ನನಗೆ ಸುಮ್ಮನಿರಲಾಗಲಿಲ್ಲ. "ಇದೇನು ಮಾವ, ಕಾಲಿಗೆ? ವೈರಸ್ಸು ಗಂಟುಮೂಟೆ ಕಟ್ಕೊಂಡು ಹೋಯ್ತಲ್ಲ, ಕೆನ್ನೆಗೇ ಕೊಡಬಾರದಾ?"

"ಹೋಗೋದೆಲ್ಲಿಗೆ? ಒಳಗೆ ನರದಲ್ಲಿ ಮಲಗಿರುತ್ತೆ ಕಣೋ. ಯಾವತ್ತಾದರೂ ಎದ್ದು ಬರುತ್ತೆ, ಕರೀದೇನೇ, ನಿನ್ನ ಹಾಗೆ."