ಕುಂಕುಮ ಹತ್ತಿದ ಡಿಸ್ಕು

ಕಾವೇರಿಬಾಯಿ ಆದೋನಿಯ ಹತ್ತಿ ಮಿಲ್ಲೊಂದರ ಆಫೀಸಿನಲ್ಲಿ ಇಪ್ಪತ್ತಾರು ವರ್ಷ ಟೈಪು ಮಾಡಿದವರು. ಕಂಡದ್ದನ್ನೆಲ್ಲ ಕೆದಕಿ ನೋಡದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ. ೧೯೮೮ರಲ್ಲಿ ಆಫೀಸಿಗೆ ಕಂಪ್ಯೂಟರ್ ಬಂತು. ಅದನ್ನು ನೋಡಿಕೊಳ್ಳಲು ತಿಂಗಳಿಗೊಮ್ಮೆ ಬಳ್ಳಾರಿಯಿಂದ ಬರುತ್ತಿದ್ದ ಸೋಮಶೇಖರಪ್ಪ, ಹೊಸ ಯಂತ್ರದ ಕೀಲಿಗಳ ಮೇಲೆ ಕಾವೇರಿಬಾಯಿಯವರ ಕೈ ಪಳಗಲೆಂದು ತನ್ನದೊಂದು ಆಟದ ಫ್ಲಾಪಿ ಡಿಸ್ಕು ಕೊಟ್ಟುಹೋದ. ಚೆಂಡು ಹೊಡೆದು ಇಟ್ಟಿಗೆ ಗೋಡೆ ಕೆಡವಬೇಕು, ಅಷ್ಟೆ. ಹದಿನಾಲ್ಕಕ್ಕೆ ಮದುವೆಯಾದ ದಿನ ಚೌಕಾಬಾರದ ಕವಡೆ ಕೆಳಗಿಟ್ಟಿದ್ದ ಕಾವೇರಿಬಾಯಿ ಐವತ್ತೆರಡಕ್ಕೆ ಮತ್ತೆ ಆಟಕ್ಕೆ ಕೂತರು. ಊಟದ ಬಿಡುವು ಸಾಲದಾಯಿತು.

ಆದರೆ ಈ ಆಟ ಇರುವುದೆಲ್ಲಿ? ಡಿಸ್ಕಿನಿಂದಲೇ ನಡೆಸಿದರೆ ಚೌತಿಯ ಗಣಪನಂತೆ ಬಂದು ಹೋಗುತ್ತದೆ. ಯಂತ್ರದೊಳಗಿನ ಹಾರ್ಡ್ ಡಿಸ್ಕಿಗೆ ಇಳಿಸಿದರೆ ಗುಡಿಯ ಗಣಪನಂತೆ ಅಲ್ಲೇ ಕೂರುತ್ತದೆ ಎಂದುಕೊಂಡರು. ಕಂಪ್ಯೂಟರಿನ ಜೊತೆ ಬಂದ ಪುಸ್ತಕ ನೋಡಿ ನೋಡಿ ಇಳಿಸಿಯೂ ಬಿಟ್ಟರು, ಡಿಸ್ಕು ಯಂತ್ರದಲ್ಲಿದ್ದಾಗಲೇ ಆಡಿಯೂ ನೋಡಿದರು. ಇನ್ನು ಡಿಸ್ಕಿಗೇನಾದರೆ ಏನು ಎಂಬ ಧೈರ್ಯ ಬಂತು. ಆಯುಧಪೂಜೆಯ ದಿನ ಟೈಪ್‌ರೈಟರಿಗೆ ಹಚ್ಚಿದಂತೆ ಡಿಸ್ಕಿಗೂ ಗಂಧ, ಕುಂಕುಮ ಹಚ್ಚಿದರು. ಹಚ್ಚಿದ್ದೋ, ಕವರಿನ ಕಿಂಡಿಯಲ್ಲಿ ಇಣುಕುವ ಕಂದು ಹಾಳೆಯ ಮೇಲೆಯೇ!

ಹಬ್ಬ ಮುಗಿಸಿ ಬಂದು ನೋಡಿದರೆ, ಒಳಗಿಳಿಸಿದ ಆಟ ತೆರೆದುಕೊಂಡು, ಮೂಲ ಡಿಸ್ಕು ಹಾಕಿ ಎಂದು ಇಂಗ್ಲಿಷಿನಲ್ಲಿ ಕೇಳಿ ನಿಂತುಬಿಟ್ಟಿತು. ಹಾಕಿದರೆ ಯಂತ್ರ ಕರಕರ ಎಂದಿತೇ ಹೊರತು ಓದಲಿಲ್ಲ. ಆಟವೂ ಹೋಯಿತು, ಪರರ ವಸ್ತುವೂ ಹಾಳಾಯಿತು.

ಸೋಮವಾರ ಸೋಮಶೇಖರಪ್ಪ ಬಂದು ಡಿಸ್ಕು ಕೇಳಿದಾಗ ಮುಚ್ಚಿಡದೆ ಹೇಳಿದರು. ಅವನು ತಲೆ ಚಚ್ಚಿಕೊಂಡ.

"ಬಾಯಾರ, ಯಾರೂ ಕಾಪಿ ಮಾಡಬಾರದಂತ ಕಂಪನಿಯವರು ಬೀಗ ಹಾಕ್ಯಾರ್ರಿ. ಒಳಗ ಇಳಿಸಿದ್ರೂ ಡಿಸ್ಕು ಬೇಕಾ ಬೇಕು. ಇದರ ಕಥಿ ಮುಗೀತು, ಬಿಸಾಕ್ರಿ."

"ಬಿಸಾಕೂದು ಇದ್ದೇ ಅದ. ಒಳಗೇನದ, ನೋಡೂಣಲ್ಲ?"

ಕಾವೇರಿಬಾಯಿ ಕತ್ತರಿಯಿಂದ ಕವರಿನ ಅಂಚು ಸೀಳಿದರು. ಒಳಗಿತ್ತು ತೆಳ್ಳನೆಯ ದುಂಡು ಹಾಳೆ. ಮುಟ್ಟಿ ನೋಡಿದವರಿಗೆ ಮಡಿಗೆ ಉಡುವ ರೇಷ್ಮೆ ಪತ್ತಲ ನೆನಪಾಯಿತು. ಹಿಂದಿನ ಓಣಿಯಲ್ಲಿದ್ದ ಮನೆಗೆ ಹೋಗಿ ಅಂಟುವಾಳದ ನೀರು ತಂದರು. ಉಜ್ಜಲಿಲ್ಲ, ಹಿಂಡಲಿಲ್ಲ, ರೇಷ್ಮೆಯಂತೆ ಅದ್ದಿ ಅದ್ದಿ ತೆಗೆದು, ತಿಳಿನೀರಲ್ಲಿ ಜಾಲಾಡಿಸಿ, ನೆರಳಲ್ಲಿ ಆರಿಸಿ, ಖಾಲಿ ಫ್ಲಾಪಿಯೊಂದರ ಕವರು ಸೀಳಿ, ಅದರ ಹಾಳೆ ತೆಗೆದು ಇದನ್ನು ತೂರಿಸಿದರು. "ಇದು ಆಗೂ ಮಾತಲ್ಲ ಬಿಡ್ರಿ" ಎಂದು ಗೊಣಗುತ್ತಲೇ ಸೋಮಶೇಖರಪ್ಪ ಯಂತ್ರದೊಳಗೆ ಮೆತ್ತಿದ್ದ ಕುಂಕುಮ ಒರೆಸಿದ.

ಡಿಸ್ಕು ತಿರುಗಿತು. ಕರಕರ ನಿಂತು ಇಟ್ಟಿಗೆ ಗೋಡೆ ಮೂಡಿತು. ಕಾವೇರಿಬಾಯಿಗೆ ಕಣ್ಣಲ್ಲಿ ನೀರು ಬಂತು.

ಸಂಜೆ ಹೊರಟಾಗ ಸೋಮಶೇಖರಪ್ಪ ಕೈ ಚಾಚಿದ. ಕಾವೇರಿಬಾಯಿ ಡಿಸ್ಕು ಕೊಟ್ಟರು, ಬೆರಳು ಮಾತ್ರ ಬಿಡಲಿಲ್ಲ.

"ಇನ್ನೊಂದು ತಿಂಗಳು ಇಟಗೊಳ್ರಿ" ಎಂದು ಅವನು ನಕ್ಕ.

"ಈಗೇ ಹೇಳ್ತೀನಪ್ಪಾ, ಮುಂದಿನ ತಿಂಗಳೂ ನಾ ಹಿಂಗ ಹಿಡ್ಕೊಂಡು ನಿಲ್ಲಾಕಿ."